ತಬರದ ಮೇಲಿನ ಹಾಯಿ

ನಾವು ಚಡ್ಡಿ ಎಳೆದುಕೊಳ್ಳುತ್ತ ಓಡಾಡುತ್ತಿದ್ದ ಆ ದಿನಗಳಲ್ಲಿ ಆಷಾಢದ ಗಾಳಿಗೆ ಈಗಿನದಕ್ಕಿಂತ ಹೆಚ್ಚು ಬಲವಿತ್ತೋ, ನಾವೇ ಹಗುರಾಗಿದ್ದೆವೋ ಹೇಳಲಾರೆ. ಮುನಿರಾಬಾದಿನ ಡ್ಯಾಮ್ ಕ್ಯಾಂಪಿನಲ್ಲಿ ಅದು ಬೀಸತೊಡಗಿತೆಂದರೆ ಒಣಹಾಕಿದ ಬಟ್ಟೆ ಮನೆಯವರ ಮಾತು ಕೇಳುತ್ತಿರಲಿಲ್ಲ. ಹಪ್ಪಳ ಹಾರಿ ಪಕ್ಕದವರ ಮಾಳಿಗೆ ಸೇರುತ್ತಿದ್ದವು. ಹಿನ್ನೀರಿನ ಕಡೆಯಿಂದ ಹಸಿಮಣ್ಣು, ಪಾಚಿ, ಒಣಮೀನು ಎಲ್ಲ ಕೂಡಿದ ಒಂದು ವಾಸನೆ ಬರುತ್ತಿತ್ತು. ಅದರ ಜೊತೆಗೇ ಯಾರದೋ ಮನೆಯಲ್ಲಿ ಶೇಂಗಾ ಹುರಿಯುವ ಘಮ.

ಬೇರೆ ಊರಿನ ಹುಡುಗರು ಆ ಗಾಳಿಗೆ ಗಾಳಿಪಟ ಹಾರಿಸುತ್ತಿದ್ದರು. ನಾವು ಹಡಗು ನಡೆಸುತ್ತಿದ್ದೆವು. ನಗಬೇಡಿ. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ, ನಿಜ. ನಮ್ಮ ಹಡಗು ಎಂದರೆ ಹಳೆಯ ಸ್ಟೋರಿನ ಹಿಂದೆ ಇದ್ದ ಒಂದು ಹುಣಸೆಮರ. ಆ ಹಡಗಿನಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಆಗ ಕ್ಯಾಂಪಿನಲ್ಲಿ ಬೆಳೆದವರು ಯಾರಾದರೂ ಇದನ್ನು ಓದಿ ನನ್ನನ್ನು ಬೈದರೆ ಅದು ನ್ಯಾಯವೇ.

ಹಡಗು ನಮಗೆ ಬಂದದ್ದು ಖಲಾಸಿ ಅಜ್ಜನಿಂದ. ಹೆಸರು ಉಸ್ಮಾನ್‌ಸಾಬ್. ಡ್ಯಾಮ್ ಕಟ್ಟುವಾಗ ಹಗ್ಗ, ಸರಪಳಿ, ರಾಟೆ ಹಾಕಿ ಭಾರಿ ಬಾಗಿಲುಗಳನ್ನು ಮೇಲಕ್ಕೆ ಎತ್ತಿ ಕೂರಿಸುವ ಖಲಾಸಿಗಳ ತಂಡದಲ್ಲಿ ಬಂದವರು. ಕೆಲಸ ಮುಗಿದ ಮೇಲೆ ಉಳಿದವರು ಕಡಲದಂಡೆಗೆ ಹಿಂತಿರುಗಿದರು. ಇವರ ಮಗಳು ಮಾಬೂಬಿಗೆ ಇಲ್ಲೇ ಮದುವೆಯಾಗಿತ್ತು, ಅಳಿಯ ಡ್ಯಾಮಿನಲ್ಲಿ ನೌಕರ. ಹೀಗಾಗಿ ಅಜ್ಜ ಮಗಳ ಕ್ವಾರ್ಟರ್ಸಿನಲ್ಲಿ ಉಳಿದುಬಿಟ್ಟರು. ಅದಕ್ಕೂ ಬಹಳ ಮೊದಲು, ಮೀಸೆ ಮೂಡದ ವಯಸ್ಸಿನಲ್ಲಿ, ಮುಂಬಯಿಯಿಂದ ಹೊರಡುತ್ತಿದ್ದ ಮೂರು ಕಂಬದ ಹಾಯಿಹಡಗಿನಲ್ಲಿ ಅವರು ಲಸ್ಕರ್, ಅಂದರೆ ಹಾಯಿ ಬಿಚ್ಚುವ ಕಟ್ಟುವ ಆಳು, ಆಗಿದ್ದರು. ನಮ್ಮ ಅಪ್ಪ ಕಾಲುವೆಗೆ ನೀರು ಬಿಡುವ, ತೂಬು ಕಾಯುವ ನೌಕರ. ಅವರನ್ನೂ ನಮ್ಮ ಕಡೆ ಲಸ್ಕರ್ ಎಂದೇ ಕರೆಯುತ್ತಾರೆ. ಅಜ್ಜನಿಗೆ ಇದು ಬಲು ಖುಷಿ.

“ನಿಮ್ಮಪ್ಪನೂ ಲಸ್ಕರ್, ನಾನೂ ಲಸ್ಕರ್. ಆಂವ ಮೊಣಕಾಲುದ್ದದ ನೀರಾಗಿನ ಲಸ್ಕರ್, ಅಷ್ಟ ಫರಕ್ಕು” ಎಂದು ನನ್ನ ತಲೆಗೆ ಮೊಟಕುತ್ತಿದ್ದರು.

ಆಗಲೇ ಅಂಥ ಹಡಗುಗಳು ಲೋಕದಲ್ಲಿ ಉಳಿದಿರಲಿಲ್ಲ. ಎಲ್ಲ ಹೊಗೆ ಬಿಡುವ ಹಡಗುಗಳಾಗಿದ್ದವು. ಆದರೆ ಅಜ್ಜನ ಬಾಯಲ್ಲಿ ಹಾಯಿಗಳ ಹೆಸರು ಮಾತ್ರ ಹಾಗೇ ಇದ್ದವು. ಬೆಳಗಿನ ನಮಾಜು ಮುಗಿಸಿ ಕಟ್ಟೆಗೆ ಬಂದು ಕೂತು ಅವರು ಆ ಹೆಸರುಗಳನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಹೇಳಿಕೊಳ್ಳುತ್ತಿದ್ದರು. ಮುಂದಿನ ಕಂಬಕ್ಕೆ ತ್ರಿಕಟ್ ಎನ್ನಬೇಕು, ಹಿಂದಿನದಕ್ಕೆ ಕಲ್ಮಿ. ನಡುವಿನ ದೊಡ್ಡ ಕಂಬದಲ್ಲಿ ಎಲ್ಲಕ್ಕಿಂತ ಕೆಳಗೆ ಬಸುರಿ ಹೆಂಗಸಿನ ಹಾಗೆ ಉಬ್ಬಿ ನಿಲ್ಲುವ ಹಾಯಿ ಬಡಾ. ಅದರ ಮೇಲಿನದು ಗಾವಿ. ಅದರ ಮೇಲೆ ಸಬರ್. ಅದರ ಮೇಲೆ ತಬರ್. ಅದಕ್ಕೂ ಮೇಲೆ, ತಿಳಿಗಾಳಿ ಇದ್ದಾಗ ಮಾತ್ರ ಬಿಚ್ಚುವ, ದೊಡ್ಡ ಕರವಸ್ತ್ರದಂಥ ಒಂದು ಪುಟ್ಟ ಹಾಯಿ.

ಹುಣಸೆಮರದ ಟೊಂಗೆಗಳಿಗೆ ಈ ಹೆಸರುಗಳೆಲ್ಲ ಬಂದದ್ದು ಹೇಗೆ ಎಂದು ನೆನಪಿಲ್ಲ. ಮರಕೋತಿ ಆಡುತ್ತಿದ್ದ ನಮ್ಮನ್ನು ನೋಡಿ ಅಜ್ಜ ಒಂದು ದಿನ ಕೆಳಗಿನಿಂದ ಹುಕುಂ ಕೊಡತೊಡಗಿದರು, ಅಷ್ಟೇ. ನಾವು ಮನೆಯಿಂದ ಕೌದಿ ಕದ್ದು ತರುತ್ತಿದ್ದೆವು. ಅದರ ತುದಿಗೆ ಪುಂಡಿನಾರಿನ ಹಗ್ಗ ಕಟ್ಟಿ ಟೊಂಗೆಯ ಮೇಲಿಂದ ಎಳೆಯಬೇಕು. “ಹಬೇಸ್!” ಎಂದರೆ ಎಳೆಯಿರಿ. “ಅರ್ರಿಯಾ!” ಎಂದರೆ ಬಿಡಿರಿ. ಅಜ್ಜ ಒಡೆದ ಸಿಮೆಂಟ್ ಪೈಪಿನ ಮೇಲೆ ಕೂತು “ಸಬರ್!” ಎಂದು ಕೂಗಿದರೆ ಯಾರು ಮೊದಲು ಆ ಟೊಂಗೆ ಮುಟ್ಟಿ ಕೌದಿ ಬಿಚ್ಚುತ್ತಾರೋ ಅವರಿಗೆ ಅಜ್ಜನ ಜೇಬಿನಿಂದ ಶೇಂಗಾ, ಬೆಲ್ಲ. ಆ ಜೇಬಿನ ಬೆಲ್ಲಕ್ಕೆ ಯಾವಾಗಲೂ ಸ್ವಲ್ಪ ನಶ್ಯದ ರುಚಿ. ಆದರೂ ಅದಕ್ಕಾಗಿ ಮೊಣಕಾಲು ಸುಲಿದುಕೊಳ್ಳುತ್ತಿದ್ದೆವು. ಹಸಿವಾದರೆ ಹುಣಸೆಯ ಚಿಗುರು ಅಲ್ಲೇ ಇತ್ತು. ಉಪ್ಪು ನಾವು ಚಡ್ಡಿಯ ಜೇಬಿನಲ್ಲಿ ಕಟ್ಟಿಕೊಂಡೇ ಹತ್ತುತ್ತಿದ್ದೆವು.

ಗಾಳಿ ತುಂಬಿ ಆ ಕೌದಿಗಳೆಲ್ಲ ಒಮ್ಮೆಲೇ ಉಬ್ಬಿದಾಗ, ಕೆಂಪು, ಹಸಿರು, ಕುಪ್ಪಸದ ತುಂಡು, ಧೋತರದ ಅಂಚು ಎಲ್ಲ ಒಟ್ಟಿಗೆ ಬಿಸಿಲಿಗೆ ಹೊಳೆದಾಗ, ಮರ ಕಿರ್ರೆಂದು ಅಲುಗುತ್ತಿತ್ತು. ಕ್ಯಾಂಪು ಬಿಟ್ಟು ಹೊರಟೇಬಿಟ್ಟೆವು ಅನಿಸುತ್ತಿತ್ತು.

ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಒಂದು ದಿನ ದನ ಹೊಡೆಯುವ ಬಡಿಗೆ ಹಿಡಿದು ಮರದ ಬುಡಕ್ಕೇ ಬಂದಳು.

“ನಿಮ್ಮ ಹಡಗಕ್ಕ ಬೆಂಕಿ ಹತ್ತಲಿ! ನಮ್ಮವ್ವ ಹೊಲಿದ ಕೌದಿಲೇ ಅದು. ಲೇ ಫಕೀರ್ಯಾ, ಇಳೀತಿಯೋ ಇಲ್ಲೋ?”

“ಯವ್ವಾ, ಅದು ಕೌದಿ ಅಲ್ಲ, ಗಾವಿ ಐತಿ” ಎಂದೆ ಮೇಲಿಂದ.

“ಗಾವಿ ಅಂತ ಗಾವಿ! ರಾತ್ರಿ ಅದನ್ನ ಹೊಚ್ಚಿಕೊಂಡ ಮಲಗಾಕ ಬಾ, ತೋರಸ್ತೀನಿ ಗಾವಿ!”

ಅಜ್ಜ ಎದ್ದು ನಿಂತು ಸಲಾಮು ಹೊಡೆದು, “ತಂಗಿ, ನಿಮ್ಮ ಕೌದಿಯಂಥ ಕೌದಿ ಈ ಕ್ಯಾಂಪಿನಾಗ ಇಲ್ಲ. ಗಾಳಿ ಒಂದು ಹನಿ ಸೋರೂದಿಲ್ಲ ನೋಡ್ರಿ” ಎಂದರು. ಹೊಗಳಿಕೆ ಕೇಳಿ ಅಮ್ಮನ ಬಡಿಗೆ ಕೆಳಗಿಳಿಯಿತು. “ಹರಿದ್ರ ನೀವ ಹೊಲಸಿ ಕೊಡಬೇಕ್ರಿ ಮತ್ತ” ಎಂದು ಹೊರಟುಹೋದಳು.

ಹತ್ತುವುದರಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವಳು ಶರಣವ್ವ. ಪಕ್ಕದ ಕ್ವಾರ್ಟರ್ಸಿನ ಹುಡುಗಿ, ನನ್ನದೇ ತರಗತಿ. ಲಂಗವನ್ನು ಕಚ್ಚೆ ಹಾಕಿ ಬಿಗಿದುಕೊಂಡು ಅಳಿಲಿನ ಹಾಗೆ ಹೋಗುತ್ತಿದ್ದಳು. ತಬರ್ ಎಂದರೆ ಶರಣಿ ಎಂಬಂತಾಗಿತ್ತು. ಅದಕ್ಕೂ ಮೇಲಿನ ಸಣ್ಣ ಕೊಂಬೆಯ ತನಕ ಅಜ್ಜ ಯಾರನ್ನೂ ಬಿಟ್ಟಿರಲಿಲ್ಲ. “ದೊಡ್ಡಾವ್ರಾಗ್ರಿ, ಆಮ್ಯಾಲ ಹೇಳ್ತೀನಿ” ಎನ್ನುತ್ತಿದ್ದರು. ಹಾಗಾಗಿ ಅದರ ಹೆಸರನ್ನೂ ನಾವು ಕೇಳಿರಲಿಲ್ಲ. ಬೆಳಗ್ಗೆ ಅಜ್ಜ ಕಟ್ಟೆಯ ಮೇಲೆ ಹೆಸರು ಹೇಳಿಕೊಳ್ಳುವ ಹೊತ್ತಿಗೆ ನಾವೆಲ್ಲ ಇನ್ನೂ ಕೌದಿ ಹೊದ್ದು ಮಲಗಿರುತ್ತಿದ್ದೆವು.

ಆ ವರ್ಷದ ಆಷಾಢದಲ್ಲಿ ಒಂದು ಸಂಜೆ ನಾವು ಕೌದಿ ಹಿಡಿದು ಓಡಿ ಬಂದರೆ ಅಜ್ಜ ಪೈಪಿನ ಮೇಲೆ ಇರಲಿಲ್ಲ. ಮನೆಯ ಮುಂದೆ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. ತುಟಿ ಅಲುಗುತ್ತಿತ್ತು. “ಬಡಾ, ಗಾವಿ, ಸಬರ್, ತಬರ್...” ಅಲ್ಲಿಗೆ ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ. ಮತ್ತೆ ತಬರಕ್ಕೆ ಬಂದು ನಿಲ್ಲುತ್ತಿತ್ತು.

“ಏ ಹುಡುಗೂರ್ಯಾ, ತಬರ್ ಮ್ಯಾಲಿಂದು ಏನು? ನಾ ನಿಮಗ ಯಾವಾಗರ ಹೇಳಿದ್ನೇನು?”

ನಾವು ಇಲ್ಲವೆಂದು ತಲೆಯಾಡಿಸಿದೆವು. ಅಜ್ಜ ನಕ್ಕರು, ಆದರೆ ಅದು ಅವರ ನಗುವಾಗಿರಲಿಲ್ಲ. “ಗಾಳಿ ಜೋರಾತಂದ್ರ ಮದಲ ಇಳಸೂದು ಎಲ್ಲಾದಕ್ಕಿಂತ ಮ್ಯಾಲಿಂದ ನೋಡ್ರಿ. ನನಗೂ ಹಂಗ ಆಗಾಕ ಹತ್ತೈತಿ. ಇವತ್ತು ಅದು, ನಾಳೆ ತಬರ್, ನಾಡದ ಸಬರ್. ಕಡೀಕ ಬರೇ ಕಂಬ ಉಳೀತೈತಿ.”

ಮರುದಿನವೂ ಆಟ ಇಲ್ಲ. ಅದರ ಮರುದಿನವೂ ಇಲ್ಲ. ಗಾಳಿ ಮಾತ್ರ ಪುಕ್ಕಟೆ ಬೀಸಿ ಹೋಗುತ್ತಿತ್ತು. ಮಾಬೂಬಿ ಅತ್ತಿ ಬಾಗಿಲಲ್ಲಿ ನಿಂತು ನಮ್ಮ ಅಮ್ಮನಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ: “ಅಪ್ಪಾಗ ಊಟ ಸೇರವಲ್ದ್ರೀ. ರೊಟ್ಟಿ ಮುರಿದು ಕೈಯಾಗ ಹಿಡಕೊಂಡ ಕುಂದರ್ತಾರ. ಏನೋ ಕಳಕೊಂಡಾರ ಅಂತಾರ. ಏನು ಕಳದೈತಿ ಅಂತ ಕೇಳಿದ್ರ, ಸಣ್ಣ ಹಾಯಿ ಅಂತಾರ. ಎಲ್ಲಿ ಹುಡಕ್ಲಿ ನಾ?”

ನಾನು ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ ಎಂದು ಬರೆದುಕೊಂಡರೆ ಸುಳ್ಳಾಗುತ್ತದೆ. ಅಜ್ಜನ ಬಗ್ಗೆ ಕೆಟ್ಟೆನಿಸಿತ್ತು, ನಿಜ. ಆದರೆ ಆಟ ನಿಂತದ್ದು ಅದಕ್ಕಿಂತ ಕೆಟ್ಟೆನಿಸಿತ್ತು. ಅಂದು ಸಂಜೆ ಅಮ್ಮ ಆಕಳು ಹಿಂಡುತ್ತಿದ್ದಳು. ನಮ್ಮದೊಂದು ಕೆಂಪು ಬಣ್ಣದ ಆಕಳು, ಹೆಸರು ಕೆಂಬಾರಿ. ಬಲು ಒದೆಯುವ ಜಾತಿ. ನೊಣ ಕೂತರೂ ಕಾಲು ಬೀಸುತ್ತಿತ್ತು. “ನಿಂದರ ಕೆಂಬಾರಿ, ನಿಂದರ ನಮ್ಮವ್ವ” ಎಂದು ಅಮ್ಮ ಗೋಗರೆಯುತ್ತಿದ್ದಳು. ಕರು ಹಿಡಿದು ನಿಂತಿದ್ದ ನನ್ನ ತಲೆಯಲ್ಲಿ ಸಬರ್, ತಬರ್ ಎಂದು ಸುತ್ತುತ್ತಲೇ ಇತ್ತು. ಆಕಳ ಹೆಸರು ತಾನೇ ಬಂದು ಅವುಗಳ ಹಿಂದೆ ಸಾಲಿನಲ್ಲಿ ನಿಂತಿತು. ಬಾಲ ಮಾತ್ರ ನಾನು ಕತ್ತರಿಸಿದೆ.

ಮರುದಿನ ಸಾಲಿ ಬಿಟ್ಟ ಕೂಡಲೇ ಹೋಗಿ ಹೇಳಿದೆ: “ಅಜ್ಜಾರ, ನನಗ ನೆನಪಾತ್ರಿ. ಹ್ವಾದ ವರ್ಷ ಒಮ್ಮೆ ನೀವು ಹೇಳಿದ್ರಿ. ಕೆಂಬರ್.”

ಅಜ್ಜ ನನ್ನನ್ನೇ ನೋಡಿದರು. ಹೊಸ ಎಲೆಯಡಿಕೆ ಹಾಕಿಕೊಂಡವರ ಹಾಗೆ ಆ ಶಬ್ದವನ್ನು ಬಾಯಲ್ಲಿ ಈ ಕಡೆಯಿಂದ ಆ ಕಡೆಗೆ ಹೊರಳಿಸಿದರು. “ಕೆಂಬರ್... ಬಡಾ, ಗಾವಿ, ಸಬರ್, ತಬರ್, ಕೆಂಬರ್...” ಮತ್ತೊಮ್ಮೆ ಹೇಳಿದರು. ಮೂರನೆಯ ಸಲ ಹೇಳುವ ಹೊತ್ತಿಗೆ ಕಣ್ಣು ತುಂಬಿದ್ದವು. “ಹೌದಲೇ ಬೇಟಾ! ಅದ ನೋಡು! ಅದ ಐತಿ!” ಎಂದು ಜೇಬಿನಲ್ಲಿದ್ದ ಬೆಲ್ಲವನ್ನೆಲ್ಲ ನನ್ನ ಕೈಗೆ ಸುರಿದರು. “ಮಾಬೂಬಿ, ರೊಟ್ಟಿ ಹಚ್ಚು! ಹಸಿವ್ಯಾಗೈತಿ ನನಗ!”

ನಾನು ಬೆಲ್ಲ ತಿಂದೆ. ಅದನ್ನೂ ಬರೆಯಬೇಕು.

ಶರಣಿಗೆ ಮೋಸ ಮಾಡುವುದು ಸಾಧ್ಯವಿರಲಿಲ್ಲ. ಮರದ ಹತ್ತಿರ ನನ್ನ ಅಂಗಿಯ ಹಿಂಭಾಗ ಹಿಡಿದು ನಿಲ್ಲಿಸಿದಳು.

“ಲೇ, ಕೆಂಬಾರಿ ನಿಮ್ಮ ಆಕಳ ಹೆಸರಲ್ಲೇನೋ?”

“ಅದು ಬ್ಯಾರೆ, ಇದು ಬ್ಯಾರೆ.”

“ಹೂಂ, ಅದಕ್ಕ ಬಾಲ ಐತಿ, ಇದಕ್ಕಿಲ್ಲ.”

ಯಾರಿಗೂ ಹೇಳಬಾರದೆಂದು ಆಕೆಗೆ ಅರ್ಧ ಬೆಲ್ಲ ಕೊಟ್ಟೆ. ಆಕೆ ಹೇಳಲಿಲ್ಲ. ಆದರೆ ಆ ದಿನದಿಂದ ಅಜ್ಜ ನಮ್ಮನ್ನು ತುದಿಕೊಂಬೆಗೂ ಬಿಡತೊಡಗಿದರಲ್ಲ, “ಕೆಂಬರ್!” ಎಂದು ಅವರು ಕೂಗಿದಾಗಲೆಲ್ಲ ಎಲೆಗಳ ನಡುವಿನಿಂದ “ಅಂಬಾ...” ಎಂದು ಒಂದು ದನಿ ಬರುತ್ತಿತ್ತು.

“ಯಾರಲೇ ಅದು?”

“ಗಾಳಿ ಅಜ್ಜಾರ” ಎನ್ನುತ್ತಿದ್ದಳು ಶರಣಿ. ಉಳಿದ ಹುಡುಗರು ಬಿದ್ದುಬಿದ್ದು ನಗುತ್ತಿದ್ದರು, ಕಾರಣ ಗೊತ್ತಿಲ್ಲದೆಯೇ. ಅಜ್ಜನೂ ನಗುತ್ತಿದ್ದರು. ಅಷ್ಟು ಒಳ್ಳೆಯ ದಿನಗಳು ಅವು. ಹೊಸ ಹಾಯಿಗೆಂದು ಮಾಬೂಬಿ ಅತ್ತಿ ತನ್ನ ಹಳೆಯ ಹಳದಿ ಓಢಣಿ ಕೊಟ್ಟಿದ್ದಳು. ಸಾಲಿಯ ಅಂಗಳದಿಂದಲೂ ಅದು ಕಾಣುತ್ತಿತ್ತು. ಲೆಕ್ಕದ ಪಾಠದ ನಡುವೆ ನಾನು ಕಿಟಕಿಯಿಂದ ಅದನ್ನು ನೋಡಿ ಒಳಗೊಳಗೆ ಉಬ್ಬುತ್ತಿದ್ದೆ. ನಾನು ಹೆಸರಿಟ್ಟ ಹಾಯಿ!

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ, ಮೊಣಕಾಲಿನ ಮೇಲೆ ಪಂಚೆ ಎತ್ತಿ ಕಟ್ಟಿದ, ಕಂಕುಳಲ್ಲಿ ಗಂಟು ಹಿಡಿದ ಒಬ್ಬ ಕಪ್ಪು ಮುದುಕ ಸ್ಟೇಷನ್ ಕಡೆಯಿಂದ ಬಂದು, “ಹಡಗಿನ ಉಸ್ಮಾನನ ಮನೆ ಯಾವುದಾ?” ಎಂದು ನಮ್ಮನ್ನೇ ಕೇಳಿದ. ನಾವು ಮೆರವಣಿಗೆಯಲ್ಲಿ ಕರೆದುಕೊಂಡು ಹೋದೆವು. ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು.

“ವೆಂಕಪ್ಪ?”

“ಮತ್ಯಾರು? ನೀನಿನ್ನೂ ಸತ್ತಿಲ್ವಾ ಮಾರಾಯಾ?”

“ನಿನ್ನ ಕಳಿಸಿ ಹೋಗೂಣಂತ ಕುಂತೀನಿ.”

ಇಬ್ಬರೂ ತಬ್ಬಿಕೊಂಡರು. ಒಬ್ಬರ ಬೆನ್ನನ್ನು ಒಬ್ಬರು ಗುದ್ದಿದರು. ನೋಡುತ್ತಿದ್ದ ನಮಗೆ ಜಗಳವೋ ಪ್ರೀತಿಯೋ ತಿಳಿಯಲಿಲ್ಲ. ವೆಂಕಪ್ಪ ಹೊನ್ನಾವರ ಕಡೆಯವರು. ಒಂದೇ ಹಡಗಿನಲ್ಲಿ, ಒಂದೇ ಕಂಬದಲ್ಲಿ ಇಬ್ಬರೂ ಹುಡುಗರಾಗಿ ದುಡಿದಿದ್ದರಂತೆ. ಆಮೇಲೆ ಅವರು ತಮ್ಮೂರಿನ ದೋಣಿಗಳಿಗೆ ತಾಂಡೇಲರಾಗಿ, ಅಂದರೆ ಮುಖ್ಯಸ್ಥರಾಗಿ, ಮುದುಕರಾಗಿದ್ದರು. ಹಂಪಿಗೆ ಹೊರಟವರು, ಹಳೆಯ ಗೆಳೆಯ ಇಲ್ಲಿದ್ದಾನೆಂದು ಯಾರೋ ಹೇಳಿದ್ದು ನೆನಪಾಗಿ ಇಳಿದುಬಿಟ್ಟಿದ್ದರು.

ಮಾಬೂಬಿ ಅತ್ತಿ ಡ್ಯಾಮಿನ ಮೀನು ತರಿಸಿ ಮಸಾಲೆ ಅರೆಯಲು ಕೂತಳು. ಅಜ್ಜನಿಗೆ ಊಟದ ತನಕ ತಡೆಯಲಾಗಲಿಲ್ಲ. “ಏಳು, ನನ್ನ ಹಡಗ ನೋಡೇಳು” ಎಂದು ತಾಂಡೇಲರ ಕೈ ಹಿಡಿದು ಎಳೆದರು. ನಮಗೆ ಕಣ್ಣಲ್ಲೇ ಹುಕುಂ ಆಯಿತು. ಕ್ಯಾಂಪಿನಲ್ಲಿದ್ದ ಕೌದಿಗಳೆಲ್ಲ ಅಂದು ಮರದ ಮೇಲಿದ್ದವು. ಅಮ್ಮನೇ ಎರಡು ಕೊಟ್ಟಿದ್ದಳು. ಪರಸ್ಥಳದವರು ಬಂದಿದ್ದಾರಲ್ಲ.

“ಬಡಾ! ಹಬೇಸ್!” ಅಜ್ಜನ ದನಿ ಅಂದು ಇಪ್ಪತ್ತು ವರ್ಷದವನದು. ಕೆಳಗಿನ ಕೌದಿ ಬಿಚ್ಚಿಕೊಂಡಿತು. “ತ್ರಿಕಟ್! ಕಲ್ಮಿ! ಗಾವಿ!” ಒಂದೊಂದೇ ತೆರೆದವು. ತಾಂಡೇಲರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಬಾಯಿ ತೆರೆದು ಮೇಲೆ ನೋಡಿದರು. ಸಬರ್ ಬಿಚ್ಚುವಾಗ ಹೆಗಲ ಮೇಲಿನ ಟವೆಲ್ಲು ಬಿಸಾಕಿ ತಾವೂ ನಮ್ಮ ಪುಂಡಿಹಗ್ಗ ಹಿಡಿದು “ಹಬೇಸ್! ಹಬೇಸ್!” ಎಂದು ಎಳೆಯತೊಡಗಿದರು. ತಬರಿನಲ್ಲಿ ಶರಣಿ ಇದ್ದಳು. ತುದಿಯಲ್ಲಿ ನಾನು, ಹಳದಿ ಓಢಣಿ ಹಿಡಿದು.

“ಕೆಂಬರ್!”

ನಾನು ಬಿಚ್ಚಿದೆ. ಅದು ಪಟಪಟನೆ ಹೊಡೆದುಕೊಂಡು ಉಬ್ಬಿತು. ಕೆಳಗೆ ತಾಂಡೇಲರು ಹಗ್ಗ ಬಿಟ್ಟದ್ದು ಕಂಡಿತು.

“ಎಂತ ಹೇಳ್ದೆ ನೀನು?”

“ಕೆಂಬರ್. ಸಣ್ಣ ಹಾಯಿ.”

“ಎಂತ ಕೆಂಬರಾ ಮಾರಾಯಾ? ಅಂಥದ್ದು ಯಾವ ಹಡಗಲ್ಲೂ ಇಲ್ಲ. ಅದು—” ಎಂದು ಅವರು ಒಂದು ಹೆಸರು ಹೇಳಿದರು. ಹೇಳಿದ್ದು ಖಂಡಿತ. ತುಟಿ ಅಲುಗಿದ್ದನ್ನು ನಾನು ನೋಡಿದೆ. ಆದರೆ ನನ್ನ ಕಿವಿಯ ಪಕ್ಕದಲ್ಲೇ ಓಢಣಿ ಬಡಿದುಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಅಜ್ಜ “ಬಾಯಿ ಮುಚ್ಚು!” ಎಂದು ಅಬ್ಬರಿಸಿದರು. ಆ ಹೆಸರು ನನ್ನವರೆಗೆ ಬರಲಿಲ್ಲ. ಕೆಳಗೆ ಹಗ್ಗ ಹಿಡಿದಿದ್ದ ಹುಡುಗರು ಜಗಳ ನೋಡಿದರೇ ಹೊರತು ಮಾತು ಹಿಡಿಯಲಿಲ್ಲ.

“ನೀ ಅಲ್ಲೀಮಟ ಹತ್ತಿದಾಂವ ಹೌದೇನು? ಗಾವಿಗೆ ಹೋಗೂದ್ರಾಗ ವಾಂತಿ ಮಾಡಕೋತ ಇಳೀತಿದ್ದಿ!”

“ನಾನು ವಾಂತಿ ಮಾಡ್ದವ್ನಾ? ನಿನ್ನ ಸೊಂಟ ಹಿಡಿದು ಇಳಿಸ್ದವ್ರು ಯಾರಾ?”

ಇಲ್ಲಿಯ ತನಕ ತಮಾಷೆಯೇ. ನಾವೂ ಮರದ ಮೇಲೆ ನಗುತ್ತಿದ್ದೆವು. ಅಷ್ಟರಲ್ಲಿ ತಾಂಡೇಲರು ಒಂದು ಮಾತು ಅಂದರು: “ನಿನ್ನ ತಲೆ ಹೋಗಿದೆ ಉಸ್ಮಾನ. ಮಕ್ಕಳಿಗೆ ಸುಳ್ಳು ಕಲಿಸ್ತಾ ಕೂತಿದ್ದೀಯಾ.”

ಅಜ್ಜನ ಮುಖ ಕಪ್ಪಿಟ್ಟಿತು. ಯಾವುದಕ್ಕೆ ಅವರು ಊಟ ಬಿಟ್ಟು ಹೆದರಿದ್ದರೋ ಅದನ್ನೇ ಗೆಳೆಯ ಎಲ್ಲರ ಮುಂದೆ ಆಡಿದ್ದರು. “ನನ್ನ ಅಂಗಳ ಬಿಟ್ಟು ನಡಿ” ಎಂದರು, ಸಣ್ಣ ದನಿಯಲ್ಲಿ. ಕೂಗಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ. ತಾಂಡೇಲರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಗಂಟು ಎತ್ತಿಕೊಂಡು ಹೊರಟೇಬಿಟ್ಟರು. ಮಾಬೂಬಿ ಅತ್ತಿ ಮಸಾಲೆ ಕೈಯಲ್ಲೇ ಓಡಿಬಂದು “ಕಾಕಾ, ಉಂಡ ಹೋಗ್ರಿ, ಕಾಕಾ” ಎಂದು ಕರೆದರೂ ತಿರುಗಲಿಲ್ಲ. ಅಜ್ಜ ಸಿಮೆಂಟ್ ಪೈಪಿನ ಮೇಲೆ ಕುಸಿದು ಕೂತು, ಮೊದಲಿನಿಂದ ಎಣಿಸತೊಡಗಿದರು. “ಬಡಾ, ಗಾವಿ...”

ನಾನು ಓಢಣಿಯ ಹಿಂದೆ ಅಡಗಿದೆ. ಶರಣಿ ತಬರಿನಿಂದ ನನ್ನ ಕಾಲು ಹಿಡಿದು ಜಗ್ಗಿದಳು.

“ಇಳಿ. ಹೋಗಿ ಹೇಳು.”

“ಬೈತಾರಬೇ.”

“ಬೈಲಿ. ಬೈಸ್ಕೊಳ್ಳಾಕ ಬರೂದಿಲ್ಲೇನು ನಿನಗ? ದಿನಾ ಬೈಸ್ಕೋತಿ.”

“ಅಜ್ಜಾಗ ಹೆಂಗ ಹೇಳ್ಲಿ? ಮತ್ತ ಊಟ ಬಿಡ್ತಾರ.”

ಆಕೆ ಒಂದು ಕ್ಷಣ ಯೋಚಿಸಿದಳು. “ಹಂಗಾದ್ರ ಆ ಮುದ್ಯಾಗ ಹೇಳು. ಟೇಶನ್‌ಗೆ ನಡಿ.”

ಓಡಿದೆವು. ದಾರಿಯ ಕೆಂಪು ಧೂಳೆಲ್ಲ ಗಾಳಿಗೆ ನಮ್ಮ ಮುಖಕ್ಕೇ. ಮುನಿರಾಬಾದ್ ಸ್ಟೇಷನ್ನಿನ ನೀರಿನ ನಳದ ಪಕ್ಕ ತಾಂಡೇಲರು ಗಂಟಿನ ಮೇಲೆ ಕೂತಿದ್ದರು. ಅವರು ನಮ್ಮನ್ನು ನೋಡಿದ ಕೂಡಲೇ ನನಗೆ ಅಳು ಬಂತು. ಶರಣಿ ಪಕ್ಕೆಗೆ ತಿವಿದಳು.

“ಅದು... ನಮ್ಮ ಆಕಳ ಹೆಸರ್ರೀ.”

“ಎಂತದ್ದು?”

“ಕೆಂಬರ್. ನಮ್ಮ ಆಕಳು ಕೆಂಬಾರಿ. ಅಜ್ಜಾರು ಮರತಿದ್ರು. ಊಟ ಬಿಟ್ಟಿದ್ರು. ನಾ ಸುಳ್ಳ ಹೇಳಿದ್ನಿ, ಅಜ್ಜಾರ ನೀವ ಹೇಳಿದ್ರಿ ಅಂತ. ಅವರ ತಲಿ ಹೋಗಿಲ್ರೀ.”

ತಾಂಡೇಲರು ನನ್ನ ಮುಖ ನೋಡಿದರು. ಶರಣಿಯ ಮುಖ ನೋಡಿದರು. “ಆಕಳಾ?” ಎಂದರು.

“ಹೂಂನ್ರೀ.”

“ಹಾಲು ಚೊಲೋ ಕೊಡ್ತದೋ?”

“ಒದೀತೈತ್ರಿ” ಎಂದಳು ಶರಣಿ.

ಅವರ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಭುಜ. ಆಮೇಲೆ ಬಿದ್ದುಹೋಗುವ ಹಾಗೆ ನಗತೊಡಗಿದರು. ಪ್ಲಾಟ್‌ಫಾರ್ಮಿನಲ್ಲಿ ಮಿರ್ಚಿ ಮಾರುತ್ತಿದ್ದವನೂ ತಿರುಗಿ ನೋಡಿದ. “ತಬರದ ಮೇಲೆ ಆಕಳು ಹತ್ತಿಸಿಬಿಟ್ಯಲ್ಲಾ! ಅಯ್ಯೋ ದೇವರೇ!” ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು.

“ಊಟ ಬಿಟ್ಟಿದ್ನಾ ಅವ?”

“ಹೂಂನ್ರೀ. ಬರೇ ಕಂಬ ಉಳೀತೈತಿ ಅಂತಿದ್ರು.”

ರೈಲು ಬಂತು, ನಿಂತಿತು, ಹೊರಟಿತು. ತಾಂಡೇಲರು ಏಳಲಿಲ್ಲ. ಅದು ಹೋದ ಮೇಲೆ ಎದ್ದು, ಗಂಟನ್ನು ನನ್ನ ತಲೆಯ ಮೇಲಿಟ್ಟು, “ನಡೆ” ಎಂದರು. ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: “ನೀನು ಅವನಿಗೆ ಹೇಳಬೇಡ. ಅವನ ಬಾಯಲ್ಲಿ ಕೂತುಬಿಟ್ಟದೆ. ಕಿತ್ತರೆ ಉಳಿದದ್ದೂ ಬಂದೀತು.”

ಅಜ್ಜ ಪೈಪಿನ ಮೇಲೆ ಹಾಗೇ ಇದ್ದರು. ತಾಂಡೇಲರು ಎದುರು ನಿಂತು, ಟವೆಲ್ಲಿನಿಂದ ಬೆವರೊರೆಸಿಕೊಂಡರು.

“ಉಸ್ಮಾನ, ಸ್ಟೇಷನ್ನಿನಲ್ಲಿ ಕೂತಾಗ ನೆನಪಾಯ್ತು ಮಾರಾಯಾ. ಕೆಂಬರೇ. ನಾನು ಅಷ್ಟು ಮೇಲೆ ಹೋದವನೇ ಅಲ್ಲ, ನಂಗೆಂತ ಗೊತ್ತು?”

ಅಜ್ಜ ತಲೆ ಎತ್ತಿದರು. “ವಾಂತಿ ಮಾಡಕೋತಿದ್ದಿ” ಎಂದರು.

“ಮಾಡ್ತಿದ್ದೆ.”

“ಹೇಳಿದ್ನಿಲ್ಲ? ಹೇಳಿದ್ನಿಲ್ಲಲೇ ಹುಡುಗೂರ್ಯಾ? ಮಾಬೂಬಿ, ಅನ್ನ ನೀಡು, ನಮ್ಮ ವೆಂಕಪ್ಪನ ತಲಿ ನೆಟ್ಟಗಾತು!”

ಆ ಮೀನಿನ ಸಾರಿನ ಕಂಪು ನಮ್ಮ ಮನೆಯವರೆಗೂ ಬಂದಿತ್ತು. ಸಂಜೆ ತಾಂಡೇಲರು ಅಜ್ಜ ಮಲಗಿದ್ದಾಗ ನಮ್ಮ ಕೊಟ್ಟಿಗೆಗೆ ಬಂದು, ಕೆಂಬಾರಿಯ ಎದುರು ನಿಂತು, ಹಣೆಗೆ ಕೈ ಹಚ್ಚಿ ಸಲಾಮು ಹೊಡೆದರು. ಅಮ್ಮ ದಂಗಾಗಿ ನಿಂತಳು. ಕಡಲಿನ ಕಡೆಯವರಿಗೆ ಆಕಳೆಂದರೆ ಎಷ್ಟು ಭಕ್ತಿ ನೋಡು ಎಂದು ಬಹಳ ದಿನ ಹೇಳುತ್ತಿದ್ದಳು. ಮರುದಿನ ಬೆಳಗಿನ ರೈಲಿಗೆ ತಾಂಡೇಲರು ಹೋದರು. ಮತ್ತೆ ಬರಲಿಲ್ಲ. ಮುಂದಿನ ಆಷಾಢಕ್ಕೆ ಅಜ್ಜ ಇರಲಿಲ್ಲ. ಕೊನೆಯ ತನಕ ಅವರ ಬಾಯಿಂದ ಒಂದು ಹೆಸರೂ ತಪ್ಪಿರಲಿಲ್ಲ ಎಂದು ಮಾಬೂಬಿ ಅತ್ತಿ ಹೆಮ್ಮೆಯಿಂದ ಹೇಳುತ್ತಿದ್ದಳು.

ನಾನು ಮೆಟ್ರಿಕ್ ಮುಗಿಸಿ ಕುಕನೂರಿನಲ್ಲಿ ಸಣ್ಣ ಅಂಗಡಿ ಹಾಕಿಕೊಂಡು ಅಲ್ಲೇ ಮುದುಕನಾದೆ. ಕ್ಯಾಂಪಿನಲ್ಲಿ ಈಗ ಅರ್ಧ ಕ್ವಾರ್ಟರ್ಸು ಖಾಲಿ. ಸ್ಟೋರಿನ ಜಾಗದಲ್ಲಿ ಮುಳ್ಳುಜಾಲಿ ಬೆಳೆದಿದೆ. ಹುಡುಗರು ಮರ ಹತ್ತುವುದಿಲ್ಲ, ಹತ್ತಲು ಹೋದರೆ ತಾಯಂದಿರು ಬಿಡುವುದಿಲ್ಲ. ಅದೆಲ್ಲ ಹೋಗಲಿ. ಕಾಲ ಹೋಗುವಾಗ ತನ್ನ ಸಾಮಾನು ತಾನು ತೆಗೆದುಕೊಂಡು ಹೋಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸ್ಟೇಷನ್ನಿನಿಂದ ಕ್ಯಾಂಪಿಗೆ ಬರುವ ದಾರಿಯುದ್ದಕ್ಕೂ ಆ ಹೆಸರು ಗೊತ್ತಿದ್ದ ಮನುಷ್ಯ ನನ್ನ ಪಕ್ಕದಲ್ಲೇ ನಡೆಯುತ್ತಿದ್ದರು. ಗಂಟು ನನ್ನ ತಲೆಯ ಮೇಲಿತ್ತು. ಬೈಗುಳ ತಪ್ಪಿತಲ್ಲ ಎಂಬ ಖುಷಿಯಲ್ಲಿ ನಾನು ಸಿಳ್ಳೆ ಹಾಕುತ್ತಿದ್ದೆ. ಗೆಳೆಯನಿಗಾಗಿ ಅವರು ಆ ಹೆಸರನ್ನು ನುಂಗಿಕೊಂಡರು, ಅದು ದೊಡ್ಡತನ. ನಾನು ಕೇಳಲೇ ಇಲ್ಲ, ಅದಕ್ಕೆ ಏನೆನ್ನಬೇಕು? ಆಮೇಲೆ ಒಮ್ಮೆ ಕಾರವಾರದ ಬಂದರಿನಲ್ಲಿ ಮುದುಕರನ್ನು ಹುಡುಕಿ ಹುಡುಕಿ ಕೇಳಿದೆ. ಅವರಿಗೆ ಗೊತ್ತಿದ್ದದ್ದು ಇಂಜಿನ್ನು, ಡೀಸೆಲ್ಲು. ಸಬರ್, ತಬರ್ ಎಂಬುದನ್ನೂ ಅವರು ಕೇಳಿರಲಿಲ್ಲ.

ಹೋದ ವರ್ಷ ಕುಷ್ಟಗಿಯಲ್ಲಿ ಶರಣವ್ವನ ಮೊಮ್ಮಗಳ ಮದುವೆ. ಊಟ ಮುಗಿಸಿ ಹೊರಗೆ ಕೂತಿದ್ದೆ. ಒಬ್ಬ ಪುಟ್ಟ ಹುಡುಗ ಕಲ್ಯಾಣಮಂಟಪದ ಮೆಟ್ಟಿಲು ಹತ್ತುತ್ತ ಕೂಗುತ್ತಿದ್ದ: “ಗಾವಿ! ಸಬರ್! ತಬರ್! ಕೆಂಬರ್!” ಕಡೆಯ ಮಾತಿಗೆ ಮೇಲಿಂದ ಮರಳಿನ ರಾಶಿಗೆ ಜಿಗಿಯುತ್ತಿದ್ದ. ಶರಣವ್ವನ ಮರಿಮೊಮ್ಮಗನಂತೆ. ನನ್ನ ಎದೆ ಹಿಗ್ಗಿತು, ಅದೇ ಗಳಿಗೆಗೆ ತಲೆ ತಗ್ಗಿತು. ಹತ್ತಿರ ಕರೆದೆ. ಈ ಮಗುವಿಗಾದರೂ ಸತ್ಯ ಹೇಳಿಬಿಡೋಣ ಎನಿಸಿತು.

“ತಮ್ಮಾ, ಅವು ಹಡಗಿನ ಹಾಯಿಗೋಳ ಹೆಸರು. ಎಲ್ಲಾ ಖರೇನ ಅದಾವು. ಆದ್ರ ಕೆಂಬರ್ ಅನ್ನೂದು ಸುಳ್ಳು. ಅದು ನಾ ಮಾಡಿದ್ದು.”

“ಮತ್ತ ಖರೇ ಹೆಸರು ಏನಜ್ಜಾ?”

ಹುಡುಗ ನನ್ನ ಬಾಯಿಯನ್ನೇ ನೋಡುತ್ತ ನಿಂತ. ಆಮೇಲೆ “ಹಂಗಾದ್ರ ಕೆಂಬರ್ ಇರ್ಲಿ ಬಿಡು” ಎಂದು ಮತ್ತೆ ಮೆಟ್ಟಿಲ ಕಡೆ ಓಡಿದ.